ಕೈಬಿಟ್ಟಿದ್ದ 17ನೇ ಸಾಲು: ಒಂದು ಪ್ರಕರಣ ಅಧ್ಯಯನ

ನಮ್ಮ ಪ್ರಯೋಗಾಲಯಕ್ಕೆ ಆಕೆ ತೊಂದರೆ ಹೇಳಿಕೊಂಡು ಬಂದವರಲ್ಲ. ತೊಂದರೆ ಇಲ್ಲದವರು ಬೇಕು ಅಂತ ನಾವೇ ಕೇಳಿದ್ದೆವು, ಬಂದರು. ನಲವತ್ತರ ಆಸುಪಾಸಿನ ಫಿಸಿಯೋಥೆರಪಿಸ್ಟ್. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಮ್ಮ ಎಕ್ಸೆಲ್ ಹಾಳೆಯಲ್ಲಿ ಅವರ ಅಂಕಿಗಳಿದ್ದದ್ದು 17ನೇ ಸಾಲಿನಲ್ಲಿ. ಹಾಗಾಗಿ ಇಲ್ಲಿ ಅವರು 17. ಮನುಷ್ಯರನ್ನು ನಂಬರಿನಿಂದ ಕರೆಯೋದು ಒರಟು ಅಲ್ವಾ ಅಂತ ನಾನು ಹಿಂಜರಿದಾಗ ಅವರೇ ನಕ್ಕು, “ಅದೇ ಇರಲಿ ಬಿಡಿ, ನಂಬರಾದ್ರೆ ನನಗೂ ನೆನಪಿರುತ್ತೆ” ಅಂದರು.

ಹಿನ್ನೆಲೆ

ಆಗ ನಾವು ಸ್ಟ್ರೋಕ್ ಆದವರ ಮೇಲೆ ಕೆಲಸ ಮಾಡುತ್ತಿದ್ದೆವು. ಮೆದುಳಿನ ಹಿಂಭಾಗದಲ್ಲಿ, ಅದರಲ್ಲೂ ಬಲಗಡೆಯ ಬುಡದಲ್ಲಿ ಹಾನಿಯಾದರೆ ಕೆಲವರಿಗೆ ಮುಖ ಗುರುತಿಸುವ ಶಕ್ತಿಯೇ ಹೋಗಿಬಿಡುತ್ತದೆ. ಕಣ್ಣಿಗೇನೂ ಆಗಿರುವುದಿಲ್ಲ. ಮೂಗು, ಬಾಯಿ, ಹುಬ್ಬು ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಎದುರಿಗೆ ಕೂತಿರುವುದು ಹೆಂಡತಿಯೋ ನರ್ಸೋ ತಿಳಿಯುವುದಿಲ್ಲ. ಅವರು ಬಾಯಿ ಬಿಟ್ಟ ತಕ್ಷಣ ತಿಳಿಯುತ್ತದೆ. 1947ರಲ್ಲಿ ಜರ್ಮನ್ ನರವೈದ್ಯ ಬೋಡಮರ್ ಇದಕ್ಕೆ ಪ್ರೊಸೊಪಗ್ನೋಸಿಯಾ ಅಂತ ಹೆಸರಿಟ್ಟರು. ನಾವು ನಮ್ಮನಮ್ಮಲ್ಲಿ ಮುಖಗುರುಡು ಅನ್ನುತ್ತೇವೆ, ಬಣ್ಣಗುರುಡು ಅಂದ ಹಾಗೆ.

ಸ್ಟ್ರೋಕ್ ಆಗಿ ವರ್ಷ ಕಳೆದ ಮೇಲೆ ಈ ಶಕ್ತಿ ಎಷ್ಟು ಮರಳುತ್ತದೆ ಅನ್ನೋದು ನಮ್ಮ ಪ್ರಶ್ನೆ. 11 ರೋಗಿಗಳು, ಅವರೊಂದಿಗೆ ಹೋಲಿಸಿ ನೋಡಲು 24 ಆರೋಗ್ಯವಂತರು. ಪರದೆಯ ಮೇಲೆ ಅಕ್ಕಪಕ್ಕ ಎರಡು ಮುಖ ಬರುತ್ತದೆ. ಒಂದು ನೇರವಾಗಿ ತೆಗೆದದ್ದು, ಇನ್ನೊಂದು ಸ್ವಲ್ಪ ಓರೆಯಾಗಿ. ಇಬ್ಬರೂ ಒಬ್ಬರೇನಾ, ಬೇರೆಬೇರೆಯಾ? ಎರಡು ಬಟನ್, ಒಂದನ್ನು ಒತ್ತಬೇಕು. ಮುಖಗಳ ನಂತರ ಕಾರುಗಳ ಜೋಡಿ. ಆಮೇಲೆ ಮುಖಗಳನ್ನೇ ತಲೆಕೆಳಗು ಮಾಡಿ ಇನ್ನೊಂದು ಸುತ್ತು.

ತಲೆಕೆಳಗಿನ ಸುತ್ತಿಗೆ ಕಾರಣ ಇದೆ. ಯಾವ ವಸ್ತುವನ್ನು ತಿರುಗಿಸಿದರೂ ಗುರುತಿಸುವುದು ಒಂಚೂರು ಕಷ್ಟವಾಗುತ್ತದೆ. ಮುಖಕ್ಕೆ ಮಾತ್ರ ವಿಪರೀತ ಕಷ್ಟ. 1969ರಲ್ಲಿ ರಾಬರ್ಟ್ ಯಿನ್ ಅನ್ನುವವರು ಇದನ್ನು ತೋರಿಸಿದರು. ಮುಖವನ್ನು ನಾವು ಮೂಗು, ಕಣ್ಣು, ತುಟಿ ಅಂತ ಬಿಡಿಬಿಡಿಯಾಗಿ ಓದುವುದಿಲ್ಲ, ಇಡಿಯಾಗಿ ಒಂದೇ ಏಟಿಗೆ ಹಿಡಿಯುತ್ತೇವೆ. ತಲೆಕೆಳಗಾದ ಮುಖದ ಮೇಲೆ ಆ ಪಟ್ಟು ಕೆಲಸ ಮಾಡುವುದಿಲ್ಲ ಅನ್ನೋದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಇನ್ನೊಂದು ಮಾತು. ಉತ್ತರ ಕೊಡಲು ನಾವು ಸಮಯದ ಮಿತಿ ಇಟ್ಟಿರಲಿಲ್ಲ. ಸ್ಟ್ರೋಕ್ ಆದವರ ಕೈ ನಿಧಾನ, ಸುಸ್ತೂ ಜಾಸ್ತಿ. ಅವಸರ ಮಾಡಿದರೆ ಅಳೆಯೋದು ಕೈಯ ವೇಗವನ್ನೇ ಹೊರತು ಮುಖದ ಗುರುತನ್ನಲ್ಲ ಅಂತ ಸಭೆಯಲ್ಲಿ ಜೋರಾಗಿ ವಾದ ಮಾಡಿದವಳು ನಾನೇ. ಎಷ್ಟು ಹೊತ್ತು ತೆಗೆದುಕೊಂಡರು ಅನ್ನೋದನ್ನು ಕಂಪ್ಯೂಟರ್ ದಾಖಲಿಸಿಕೊಳ್ಳುತ್ತಿತ್ತು. ನಾವು ಅಂಕ ಕೊಡುತ್ತಿದ್ದದ್ದು ಮಾತ್ರ ಸರಿಯುತ್ತರಕ್ಕೆ.

ಸಾಲು ಹೋಗಿ ಮರಳಿ ಬಂದದ್ದು

17 ಅವರ ಸರಿಯುತ್ತರ ಶೇ. 88. ಉಳಿದವರದ್ದು ಸರಾಸರಿ ಶೇ. 92. ಏನೂ ವಿಶೇಷವಿಲ್ಲ. ಆದರೆ ಒಂದು ಜೋಡಿ ಮುಖಕ್ಕೆ ಉಳಿದವರು ಎರಡೂವರೆ ಸೆಕೆಂಡು ತೆಗೆದುಕೊಂಡರೆ ಇವರು ಹೆಚ್ಚುಕಡಿಮೆ ಒಂಬತ್ತು. ಸರಾಸರಿಯಿಂದ ಇಂತಿಷ್ಟು ದೂರ ಇದ್ದವರ ಅಂಕಿಗಳನ್ನು ಕೈಬಿಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡ ನಿಯಮ ನಮ್ಮಲ್ಲಿತ್ತು. ಇಂಥ ನಿಯಮ ಎಲ್ಲ ಕಡೆ ಇರುತ್ತದೆ, ಇರಲೇಬೇಕು. ಇಲ್ಲದಿದ್ದರೆ ನಮಗೆ ಬೇಡವಾದ ಅಂಕಿಗಳನ್ನೆಲ್ಲ ನಾವು ಬೇಕಾದ ನೆಪ ಹೇಳಿ ತೆಗೆದುಬಿಡುತ್ತೇವೆ.

“ಮೇಡಂ, 17 ಔಟ್‌ಲೈಯರ್. ಗಮನ ಕೊಟ್ಟಿಲ್ಲ ಅನಿಸುತ್ತೆ. ತೆಗೆದುಬಿಡ್ಲಾ?” ಅಂತ ಸಂಶೋಧನಾ ವಿದ್ಯಾರ್ಥಿ ಕೇಳಿದ.

“ಹ್ಞೂಂ, ತೆಗಿ” ಅಂದೆ. ಕಂಪ್ಯೂಟರ್‌ನಿಂದ ತಲೆಯನ್ನೂ ಎತ್ತಲಿಲ್ಲ.

ಹಾಗೇ ಹೋಗಿಬಿಡುತ್ತಿತ್ತು. ಆದರೆ ಯಾರನ್ನು ಕೈಬಿಟ್ಟರೂ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ‘ಗಮನ ಕೊಡದ ಕಾರಣ’ ಅಂತ ಬರೆಯಲು ಹೊರಟ ಹುಡುಗ, ಪುರಾವೆಗೆ ಇರಲಿ ಅಂತ ಕಾರುಗಳ ಅಂಕಿಯನ್ನೂ ತೆಗೆದು ನೋಡಿದ್ದಾನೆ. ಗಮನ ಇಲ್ಲದವರು ಕಾರಿನಲ್ಲೂ ತಡವಾಗಬೇಕಲ್ಲ. ಅಲ್ಲಿ ಅವರು ಎಲ್ಲರಷ್ಟೇ ಚುರುಕು. ಮೂರು ಸೆಕೆಂಡಿನೊಳಗೆ ಉತ್ತರ. ತಲೆಕೆಳಗಿನ ಮುಖಗಳಿಗೆ ಹೋದರೆ ಇನ್ನೂ ವಿಚಿತ್ರ. ಉಳಿದವರ ಸರಿಯುತ್ತರ ಶೇ. 92ರಿಂದ 75ಕ್ಕೆ ಜಾರಿತ್ತು. ಇವರದ್ದು 86. ನೆಟ್ಟಗಿದ್ದರೂ ಒಂಬತ್ತು ಸೆಕೆಂಡು, ತಲೆಕೆಳಗಾದರೂ ಒಂಬತ್ತು ಸೆಕೆಂಡು. ಅಂದರೆ, ನಾವು ಕೈಬಿಟ್ಟವರು ಒಂದು ಸುತ್ತಿನಲ್ಲಿ ಇಡೀ ಗುಂಪಿಗೇ ಮೊದಲಿಗರು!

ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಾಗ ನನಗೆ ಥಟ್ಟನೆ ನೆನಪಾದದ್ದು ಅವನೇ ಹಿಂದೆ ಹೇಳಿದ್ದ ಒಂದು ತಮಾಷೆ. 17 ಅವರ ಪರೀಕ್ಷೆ ನಡೆಸಿದ್ದು ಅವನೇ. ಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತಿದ್ದ. ಮಧ್ಯೆ ಹತ್ತು ನಿಮಿಷ ಬಿಡುವು. ಏಸಿ ಚಳಿಗೆ ಬಿಳಿ ಕೋಟು ತೆಗೆದಿಟ್ಟು ಟೋಪಿಯ ಸ್ವೆಟರ್ ಹಾಕಿಕೊಂಡು, ಅವರನ್ನು ಕರೆಯಲು ಹೊರಗೆ ಹೋಗಿದ್ದಾನೆ. ಅವರು ಇವನನ್ನು ನೋಡಿ ತುಂಬಾ ಮರ್ಯಾದೆಯಿಂದ, “ಒಳಗೆ ಟೆಸ್ಟ್ ಮಾಡ್ತಿದ್ದ ಹುಡುಗ ಬಂದು ಕರೀತೀನಿ ಅಂದಿದ್ರು, ಅವರಿಗೇ ಕಾಯ್ತಿದ್ದೀನಿ” ಅಂದರಂತೆ. ಇವನು “ನಾನೇ ಮೇಡಂ” ಅಂದ ಮೇಲೆ, ದನಿ ಕೇಳಿ “ಅಯ್ಯೋ, ನೀವೇ!” ಅಂತ ಜೋರಾಗಿ ನಕ್ಕರಂತೆ. “ನನ್ನ ಮುಖ ಯಾರಿಗೂ ನೆನಪಿರಲ್ಲ” ಅಂತ ಅವನು ಹೇಳಿಕೊಂಡಾಗ ನಾವೂ ನಕ್ಕಿದ್ದೆವು.

ಮುಖದ ಬಗ್ಗೆ ಸಂಶೋಧನೆ ಮಾಡುವ ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಇದನ್ನು ಕೇಳಿದ್ದೆವು. ಯಾರಿಗೂ ಏನೂ ಹೊಳೆದಿರಲಿಲ್ಲ.

ಹೇಳುವುದೋ ಬೇಡವೋ

ಮೆದುಳಿಗೆ ಪೆಟ್ಟಾಗದೆ, ಹುಟ್ಟಿನಿಂದಲೇ ಮುಖಗುರುಡು ಇರುವವರಿದ್ದಾರೆ. ಇದು ಅಪರೂಪವೂ ಅಲ್ಲ. 2006ರಲ್ಲಿ ಪ್ರಕಟವಾದ ಜರ್ಮನಿಯ ಸಮೀಕ್ಷೆಯೊಂದರಲ್ಲಿ ಸುಮಾರು ಶೇ. 2.5ರಷ್ಟು ಜನರಲ್ಲಿ ಇದು ಕಂಡಿತ್ತು. ಆ ಲೆಕ್ಕ ಹಿಡಿದರೆ 24 ಜನರ ಯಾವುದೇ ಗುಂಪಿನಲ್ಲಿ ಒಬ್ಬರಾದರೂ ಇರುವ ಸಾಧ್ಯತೆ ಶೇ. 45. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಮುಖಗುರುಡಿನ ಅಧ್ಯಯನಕ್ಕೆ ‘ಆರೋಗ್ಯವಂತರನ್ನು’ ಸೇರಿಸಿಕೊಳ್ಳುವಾಗ ನಾವು ಕನ್ನಡಕ, ಫಿಟ್ಸ್, ತಲೆಗೆ ಪೆಟ್ಟು, ಮಾತ್ರೆ ಎಲ್ಲದರ ಬಗ್ಗೆಯೂ ಕೇಳಿದ್ದೆವು. ಮುಖ ಗುರುತಿಸಲು ಕಷ್ಟವಾಗುತ್ತಾ ಅಂತ ಮಾತ್ರ ಕೇಳಿರಲಿಲ್ಲ.

ಈಗ ಏನು ಮಾಡೋದು? ಸ್ಕ್ಯಾನ್‌ನಲ್ಲಿ ಗೆಡ್ಡೆ ಕಂಡರೆ ಯಾರಿಗೆ ಹೇಗೆ ತಿಳಿಸಬೇಕು ಅಂತ ಒಪ್ಪಿಗೆ ಪತ್ರದಲ್ಲಿ ಇತ್ತು. ಬಟನ್ ಒತ್ತುವ ಪರೀಕ್ಷೆಯಲ್ಲಿ ಇಂಥದ್ದು ಕಂಡರೆ ಏನು ಅಂತ ಇರಲಿಲ್ಲ. ಬದಲಿಗೆ ‘ಇದು ರೋಗ ಪತ್ತೆಯ ಪರೀಕ್ಷೆಯಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ನಮ್ಮಲ್ಲೇ ಎರಡು ಪಕ್ಷವಾಯಿತು. ನಲವತ್ತು ವರ್ಷ ಸುಖವಾಗಿದ್ದವರಿಗೆ ಇಲ್ಲದ ತಲೆನೋವು ಯಾಕೆ ಅಂತ ಕೆಲವರು. ಸುಖವಾಗಿದ್ದರು ಅಂತ ನಿಮಗೆ ಹೇಗೆ ಗೊತ್ತು ಅಂತ ಇನ್ನು ಕೆಲವರು. ನಾನು ಮೊದಲ ಪಕ್ಷದಲ್ಲಿದ್ದೆ, ಒಪ್ಪಿಕೊಳ್ಳುತ್ತೇನೆ.

ನೈತಿಕ ಸಮಿತಿಗೆ ಬರೆದೆವು. ಅವರ ಸಲಹೆ ಸರಳವಾಗಿತ್ತು. ಏನು ಕಂಡಿತು ಅಂತ ಹೇಳುವ ಮೊದಲು, ಕಂಡದ್ದನ್ನು ತಿಳಿದುಕೊಳ್ಳಲು ಇಷ್ಟ ಇದೆಯಾ ಅಂತ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಫೋನ್ ಮಾಡಿದೆ. “ನಿಮ್ಮ ಉತ್ತರಗಳು ಸರಿಯಾಗೇ ಇದ್ದವು. ಆದರೆ ಉತ್ತರಕ್ಕೆ ಬರುವ ದಾರಿ ಬೇರೆಯವರಿಗಿಂತ ಸ್ವಲ್ಪ ಬೇರೆ ಅನಿಸಿತು. ಅದರ ಬಗ್ಗೆ ತಿಳ್ಕೊಳ್ಳೋ ಆಸಕ್ತಿ ಇದ್ದರೆ ಮತ್ತೆ ಬರಬಹುದು. ಇಲ್ಲ ಅಂದ್ರೆ ಏನೂ ತೊಂದರೆ ಇಲ್ಲ” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮೇಡಂ, ಒಂದು ಪ್ರಶ್ನೆ ಕೇಳ್ಲಾ? ಆ ಎರಡು ಫೋಟೋ ಬರ್ತಿತ್ತಲ್ಲ... ಬೇರೆಯವರು ಅದನ್ನ ಹುಡುಕದೇ ಹೇಳ್ತಾರಾ? ಸುಮ್ನೆ ನೋಡಿದ್ರೆ ಗೊತ್ತಾಗುತ್ತಾ?”

ನಾವು ತಿಂಗಳುಗಟ್ಟಲೆ ಅಳೆದ ಎಲ್ಲವೂ ಆ ಒಂದು ಪ್ರಶ್ನೆಯಲ್ಲಿತ್ತು.

ಏನೇನು ಪರೀಕ್ಷೆ ಮಾಡಿದೆವು

ದೃಷ್ಟಿ ಪರೀಕ್ಷೆ ಮೊದಲು. ಎರಡೂ ಕಣ್ಣು ಚೆನ್ನಾಗಿದ್ದವು. ವಸ್ತುಗಳನ್ನು ಗುರುತಿಸುವುದರಲ್ಲಿ ತೊಂದರೆ ಇಲ್ಲ. ಮುಖ ನೋಡಿ ಗಂಡೋ ಹೆಣ್ಣೋ, ವಯಸ್ಸೆಷ್ಟು, ಸಿಟ್ಟೋ ಸಂತೋಷವೋ ಹೇಳಬಲ್ಲರು. ಇದನ್ನು ಕೇಳಿ ಹೊಸ ವಿದ್ಯಾರ್ಥಿಗಳು ಆಶ್ಚರ್ಯಪಡುತ್ತಾರೆ. ಮುಖದ ಭಾವ ಓದುವುದು ಒಂದು ಕೆಲಸ, ಅದು ಯಾರ ಮುಖ ಅಂತ ಹಿಡಿಯುವುದು ಇನ್ನೊಂದು. ಒಂದು ಕೆಟ್ಟರೂ ಇನ್ನೊಂದು ಉಳಿಯಬಹುದು. ಎದುರಿಗಿರುವವರು ತಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಅಂತ 17 ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮುನಿಸಿಕೊಂಡವರು ಯಾರು ಅಂತ ಗೊತ್ತಾಗುವುದಿಲ್ಲ, ಅಷ್ಟೇ.

ಕೇಂಬ್ರಿಜ್ ಮುಖ ನೆನಪಿನ ಪರೀಕ್ಷೆ ಅಂತ ಒಂದಿದೆ. ಡುಷೇನ್ ಮತ್ತು ನಕಯಾಮ 2006ರಲ್ಲಿ ಪ್ರಕಟಿಸಿದ್ದು. ಆರು ಮುಖ ಕಲಿಯಬೇಕು, ಆಮೇಲೆ ಮೂರು ಮೂರರ ಸಾಲಿನಲ್ಲಿ ಅವುಗಳನ್ನು ಹುಡುಕಬೇಕು. ಕೂದಲು ಕಾಣುವುದಿಲ್ಲ. ಒಟ್ಟು 72 ಅಂಕ. ಕಣ್ಣು ಮುಚ್ಚಿ ಒತ್ತಿದರೂ 24 ಬರುತ್ತದೆ. ಸಾಮಾನ್ಯವಾಗಿ 58ರ ಹತ್ತಿರ ಬರುತ್ತದೆ, 42ಕ್ಕಿಂತ ಕೆಳಗಿಳಿದರೆ ಅನುಮಾನಪಡಬೇಕು. ಇವರಿಗೆ ಬಂದದ್ದು 36. ಹೆಸರು ಹೇಳಿದರೆ ಚೆನ್ನಾಗಿ ಗೊತ್ತಿರುವ 38 ಪ್ರಸಿದ್ಧರಲ್ಲಿ, ಮುಖ ನೋಡಿ ಹೇಳಿದ್ದು 11 ಜನರನ್ನು. ಅದರಲ್ಲೂ ನಾಲ್ಕು ಹೆಸರನ್ನು ಮೀಸೆ ನೋಡಿ ಊಹಿಸಿದೆ ಅಂತ ಅವರೇ ಹೇಳಿದರು.

ಹಾಗಾದರೆ ನಮ್ಮ ಪರೀಕ್ಷೆಯಲ್ಲಿ ಶೇ. 88 ಹೇಗೆ ಬಂತು? ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ಹಾಕಿ ಅದೇ ಜೋಡಿಗಳನ್ನು ಮತ್ತೆ ತೋರಿಸಿದೆವು. ಉಳಿದವರ ನೋಟ ಮೂಗಿನ ಮೇಲ್ಭಾಗದಲ್ಲಿ ಒಮ್ಮೆ ಕೂತು, ಪಕ್ಕದ ಚಿತ್ರಕ್ಕೆ ಒಮ್ಮೆ ಹಾರಿ, ಮುಗಿಯುತ್ತದೆ. ಇವರ ನೋಟ ಎಡ ಮುಖದ ಹುಬ್ಬಿಗೆ ಹೋಗುತ್ತದೆ, ಬಲ ಮುಖದ ಹುಬ್ಬಿಗೆ ಬರುತ್ತದೆ. ಮತ್ತೆ ಎಡ ಮುಖದ ಕೂದಲ ಅಂಚು, ಬಲ ಮುಖದ ಕೂದಲ ಅಂಚು. ಕಿವಿಯ ಹಾಲೆ. ತುಟಿಯ ಮೂಲೆ. ಅನುಮಾನ ಬಂದರೆ ಮತ್ತೆ ಹುಬ್ಬು. ಎರಡು ಚಿತ್ರಗಳಲ್ಲಿ ಹತ್ತು ವ್ಯತ್ಯಾಸ ಹುಡುಕಿ ಅನ್ನುವ ಆಟ ಆಡುವವರ ಕಣ್ಣು ಹೇಗೆ ಓಡುತ್ತದೋ ಹಾಗೆ. ಮುಖ ತಲೆಕೆಳಗಾದರೆ ಆ ಆಟಕ್ಕೆ ಏನೂ ಅಡ್ಡಿಯಿಲ್ಲ, ಅದಕ್ಕೇ ಅಲ್ಲಿ ಅವರು ಮುಂದಿದ್ದರು.

ಇದು ನಿಜವಾ ಅಂತ ನೋಡಲು ಎರಡೇ ಬದಲಾವಣೆ ಮಾಡಿದೆವು. ಕೂದಲು, ಕಿವಿ ಕತ್ತರಿಸಿದೆವು. ಎರಡು ಸೆಕೆಂಡಿನ ಮಿತಿ ಇಟ್ಟೆವು. ಅವರ ಸರಿಯುತ್ತರ ಶೇ. 61ಕ್ಕೆ ಬಿತ್ತು. ಬರೀ ಊಹೆಗೇ 50 ಬರುತ್ತದೆ ಅನ್ನೋದು ನೆನಪಿರಲಿ. ಇದೇ ಬದಲಾವಣೆಯಲ್ಲಿ ಉಳಿದವರು ಕಳೆದುಕೊಂಡದ್ದು ಆರೇಳು ಅಂಕ. ಒಬ್ಬರ ಅಂಕಿಯನ್ನು ಸಣ್ಣ ಗುಂಪಿನ ಜೊತೆ ಹೋಲಿಸುವಾಗ ವ್ಯತ್ಯಾಸ ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಅಪಾಯ ಇದೆ. ಅದಕ್ಕೆ ಕ್ರಾಫರ್ಡ್ ಮತ್ತು ಹೋವೆಲ್ 1998ರಲ್ಲಿ ಸೂಚಿಸಿದ ಲೆಕ್ಕವನ್ನೇ ಬಳಸಿದೆವು. ಅದರಲ್ಲೂ ವ್ಯತ್ಯಾಸ ಗಟ್ಟಿಯಾಗಿ ನಿಂತಿತು.

ಇದನ್ನು ನಾವು ಮೊದಲೇ ಊಹಿಸಬೇಕಿತ್ತು. ಹಳೆಯ ಎರಡು ಪ್ರಸಿದ್ಧ ಮುಖ ಪರೀಕ್ಷೆಗಳನ್ನು, ಮುಖದ ಒಳಭಾಗವನ್ನೇ ಅಳಿಸಿದ ಚಿತ್ರ ಕೊಟ್ಟರೂ ಜನ ಪಾಸ್ ಮಾಡುತ್ತಾರೆ ಅಂತ 2003ರಲ್ಲೇ ಪ್ರಕಟವಾಗಿತ್ತು. ಒಂದರಲ್ಲಿ ಹುಬ್ಬು ಮತ್ತು ಕೂದಲ ಅಂಚು ಉಳಿಸಿದ್ದರು, ಅದೇ ಸಾಕಾಗಿತ್ತು. ಆ ಲೇಖನ ನಾನು ಓದಿದ್ದೆ. ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದೆ.

ಸ್ಕ್ಯಾನರ್ ಮುಂದೆ ನಾನು ಎಡವಿದ್ದು

ಮೆದುಳಿನ ಕೆಳಭಾಗದಲ್ಲಿ ಫ್ಯೂಸಿಫಾರ್ಮ್ ಅನ್ನುವ ಮಡಿಕೆಯಿದೆ. ಅಲ್ಲಿ ಒಂದು ಜಾಗ, ಹೆಚ್ಚಿನವರಲ್ಲಿ ಬಲಗಡೆ ದೊಡ್ಡದು, ಬೇರೆ ವಸ್ತುಗಳಿಗಿಂತ ಮುಖ ಕಂಡಾಗ ಹೆಚ್ಚು ಚುರುಕಾಗುತ್ತದೆ. 1997ರಲ್ಲಿ ನ್ಯಾನ್ಸಿ ಕಾನ್ವಿಷರ್ ಮತ್ತು ಜೊತೆಗಾರರು ಎಫ್‌ಎಂಆರ್‌ಐ (ಮೆದುಳಿನ ಯಾವ ಜಾಗ ಯಾವಾಗ ಚುರುಕಾಗುತ್ತದೆ ಅಂತ ತೋರಿಸುವ ಸ್ಕ್ಯಾನ್) ಬಳಸಿ ಇದನ್ನು ವಿವರಿಸಿ, ಮುಖ ಪ್ರದೇಶ ಅಂತಲೇ ಹೆಸರು ಕೊಟ್ಟರು. 17 ಅವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿದಾಗ ನನ್ನ ಮನಸ್ಸಿನಲ್ಲಿ ಚಿತ್ರ ಆಗಲೇ ತಯಾರಿತ್ತು. ಆ ಜಾಗ ಮಂಕಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಮುಖಗಳ ಫೋಟೋ ಓಡಿಸಿದೆವು. ಜಾಗ ಝಗ್ ಅಂತ ಬೆಳಗಿತು. ಎಲ್ಲರಲ್ಲಿ ಇರುವ ಹಾಗೇ, ಅಲ್ಲೇ, ಅಷ್ಟೇ. ಮೆದುಳಿನ ರಚನೆಯಲ್ಲೂ ಕಣ್ಣಿಗೆ ಬೀಳುವ ದೋಷ ಇರಲಿಲ್ಲ.

ಮುಂದಿನ ಎರಡು ವಾರ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಮುಜುಗರವಾಗುತ್ತದೆ. ವರ್ತನೆಯ ಪರೀಕ್ಷೆಗಳನ್ನೇ ಅನುಮಾನಿಸಿದೆ. ಅವರಿಗೆ ಆವತ್ತು ನಿದ್ದೆ ಸಾಲದಿತ್ತೇ? ಪರೀಕ್ಷೆಗೆ ಹೆದರಿದ್ದರೇ? ಒಬ್ಬ ಹೆಣ್ಣುಮಗಳು ನಲವತ್ತು ವರ್ಷದ ಅನುಭವ ಹೇಳುತ್ತಿದ್ದಾರೆ, ನಾಲ್ಕು ಪರೀಕ್ಷೆ ಅದನ್ನೇ ಹೇಳುತ್ತಿವೆ, ನಾನು ಮಾತ್ರ ಬಣ್ಣದ ಒಂದು ಚುಕ್ಕೆಯನ್ನು ನಂಬಿಕೊಂಡು ಅವರನ್ನೆಲ್ಲ ಅನುಮಾನಿಸುತ್ತಿದ್ದೇನೆ! ಸ್ಕ್ಯಾನ್ ಚಿತ್ರಕ್ಕೆ ಅಂಥ ಶಕ್ತಿ ಇದೆ. ಕಣ್ಣಿಗೆ ಕಂಡದ್ದು ಸತ್ಯ ಅನ್ನಿಸಿಬಿಡುತ್ತದೆ, ನೋಟದ ಬಗ್ಗೆಯೇ ಅಧ್ಯಯನ ಮಾಡುವವರಿಗೂ.

ಅಸಲಿಗೆ, ಹುಟ್ಟಿನಿಂದ ಮುಖಗುರುಡು ಇರುವವರಲ್ಲಿ ಆ ಜಾಗ ಸಾಮಾನ್ಯರ ಹಾಗೆಯೇ ಚುರುಕಾಗಬಹುದು ಅಂತ 2003 ಮತ್ತು 2005ರ ವರದಿಗಳಲ್ಲೇ ಇತ್ತು. ಆ ಜಾಗ ಬೆಳಗಿತು ಅಂದರೆ ‘ಇದೊಂದು ಮುಖ’ ಅನ್ನುವ ಸುದ್ದಿ ತಲುಪಿತು ಅಂತ ತಿಳಿಯಬಹುದು. ‘ಇದು ಇಂಥವರ ಮುಖ’ ಅನ್ನುವ ಮುಂದಿನ ಕೆಲಸ ಆಯಿತು ಅಂತ ಅಲ್ಲ. ಅಲ್ಲಿಂದ ಟೆಂಪೊರಲ್ ಹಾಲೆಯ (ಕಿವಿಯ ಪಕ್ಕಕ್ಕಿರುವ ಮೆದುಳಿನ ಭಾಗ) ಮುಂಭಾಗಕ್ಕೆ ಹೋಗುವ ಸಂಪರ್ಕದಲ್ಲಿ ಕೊರತೆ ಇರಬಹುದು ಅನ್ನೋದು ಒಂದು ವಾದ. ನಾವೂ ಆ ಸಂಪರ್ಕ ಅಳೆಯಲು ಹೋದೆವು. ಒಬ್ಬರೇ ವ್ಯಕ್ತಿಯ ಸ್ಕ್ಯಾನ್‌ನಿಂದ ಇಷ್ಟು ಸೂಕ್ಷ್ಮ ಮಾತು ಹೇಳಲು ಬರುವುದಿಲ್ಲ ಅನಿಸಿ, ವರದಿಯಲ್ಲಿ ಸೇರಿಸಲಿಲ್ಲ. ಬಣ್ಣದ ಚಿತ್ರವೊಂದನ್ನು ಹಾಕುವ ಆಸೆ ಇತ್ತು. ಬಿಟ್ಟೆವು.

ಅವರು ಇಷ್ಟು ವರ್ಷ ಹೇಗೆ ನಿಭಾಯಿಸಿದರು

ಫಲಿತಾಂಶ ಹೇಳುವ ದಿನ ಒಂದು ಗಂಟೆ ಎಂದುಕೊಂಡದ್ದು ಮೂರು ಗಂಟೆಯಾಯಿತು. ಜಾಸ್ತಿ ಮಾತಾಡಿದ್ದು ಅವರೇ.

ಅವರು ಜನರನ್ನು ಗುರುತಿಸುವುದು ನಡಿಗೆಯಿಂದ. ಫಿಸಿಯೋಥೆರಪಿ ಕೆಲಸಕ್ಕೆ ಸೇರಿದ ಮೇಲೆ ಇದು ಇನ್ನೂ ಹರಿತವಾಯಿತು. ಹೊಸ ರೋಗಿಯಿರಲಿ ಹಳಬರಿರಲಿ, ಬಾಗಿಲಲ್ಲೇ “ಎಲ್ಲಿ, ನಾಲ್ಕು ಹೆಜ್ಜೆ ನಡೆದು ತೋರಿಸಿ” ಅನ್ನುತ್ತಾರೆ. ಎಷ್ಟು ಶ್ರದ್ಧೆ ಇವರಿಗೆ ಅಂತ ಎಲ್ಲರೂ ಮೆಚ್ಚುತ್ತಿದ್ದರು. ಕಿರಿಯರಿಗೆ ಇದನ್ನು ಮಾದರಿಯಾಗಿ ತೋರಿಸುತ್ತಿದ್ದರು. “ನನಗೆ ಅವರು ಯಾರು ಅಂತ ಗೊತ್ತಾಗೋದೇ ನಾಲ್ಕನೇ ಹೆಜ್ಜೆಗೆ” ಅಂತ ಅವರು ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅಂತ ಅನ್ನಿಸಿರಲೂ ಇಲ್ಲ. ಎಲ್ಲರೂ ಹೀಗೇ ಏನೋ ಒಂದು ಗುರುತು ಇಟ್ಟುಕೊಂಡಿರುತ್ತಾರೆ ಅಂದುಕೊಂಡಿದ್ದರು. “ಮುಖ ಮರೀಬಹುದು ಮೇಡಂ, ಮೊಣಕಾಲು ಮರೆಯಲ್ಲ.”

ಮಲಗಿರುವ ರೋಗಿ ಅಂದರೆ ಕಷ್ಟ. ಅಲ್ಲಿ ಕೈಪಟ್ಟಿ ಓದುತ್ತಾರೆ, ಎರಡು ಸಲ. ಅದೂ ಶ್ರದ್ಧೆ ಅಂತಲೇ ಹೆಸರಾಗಿತ್ತು. ಕೋವಿಡ್ ಕಾಲದಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಂತಲ್ಲ, ಇಡೀ ಆಸ್ಪತ್ರೆ ಯಾರು ಯಾರು ಅಂತ ತಡಕಾಡುವಾಗ ಇವರಿಗೆ ಏನೂ ವ್ಯತ್ಯಾಸವಾಗಲಿಲ್ಲ. “ಆಗ ಎಲ್ಲರೂ ‘ಸಾರಿ, ಗೊತ್ತಾಗ್ಲಿಲ್ಲ’ ಅಂತ ಹೇಳ್ತಿದ್ರು. ನನಗೆ ಹಾಯಾಗಿತ್ತು” ಅಂದರು.

ಹಾಯಾಗಿಲ್ಲದ ಭಾಗವೂ ಇತ್ತು. ಹತ್ತು ವರ್ಷದ ಸ್ನೇಹವೊಂದು ಮುರಿದಿತ್ತು. ಹೊರಗೆಲ್ಲೋ ಎದುರಿಗೆ ಬಂದ ಗೆಳತಿಯನ್ನು ಇವರು ದಾಟಿಕೊಂಡು ಹೋಗಿದ್ದರು. ಎರಡನೇ ಸಲ, ಮೂರನೇ ಸಲ ಹೀಗಾದ ಮೇಲೆ ಆಕೆ ಫೋನ್ ತೆಗೆಯುವುದನ್ನೇ ನಿಲ್ಲಿಸಿದರು. ಚಿಕ್ಕಂದಿನಿಂದ ಮನೆಯಲ್ಲಿ ‘ಜಂಬ’, ‘ಲಕ್ಷ್ಯ ಇಲ್ಲ’ ಅಂತ ಬೈಸಿಕೊಂಡಿದ್ದರು. ಅಮ್ಮನೂ ಹೀಗೇ ಜನರನ್ನು ತಪ್ಪು ಹೆಸರಿನಿಂದ ಕರೆಯುತ್ತಿದ್ದರಂತೆ. ಇದು ಕುಟುಂಬದಲ್ಲಿ ಬರುವುದುಂಟು ಅಂತ ಹೇಳಿದೆವು. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೂ, ಚಿಂಪಾಂಜಿಗಳ ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರಿಗೂ ಇದೇ ತೊಂದರೆ ಇತ್ತು ಅಂದಾಗ ಕಣ್ಣೊರೆಸಿಕೊಂಡು ನಕ್ಕರು. “ಅವರಿಗೂ ಜಂಬ ಅಂತ ಅಂದಿರ್ತಾರಾ?”

ಆಮೇಲೆ

ತರಬೇತಿ ಬೇಕು ಅಂದರು. ಎಂಟು ವಾರ, ದಿನಕ್ಕೆ ಅರ್ಧ ಗಂಟೆ, ಕಣ್ಣು ಬಾಯಿಗಳ ನಡುವಿನ ಅಂತರವನ್ನು ಹಿಡಿಯುವ ಅಭ್ಯಾಸವನ್ನು ಕಂಪ್ಯೂಟರ್‌ನಲ್ಲಿ ಮಾಡಿದರು. ಪರದೆಯ ಮೇಲೆ ಅಂಕ ಏರಿತು. ಅವರು ಬರೆದಿಟ್ಟ ದಿನಚರಿಯಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆರನೇ ವಾರದ ಒಂದು ಸಾಲು: ‘ಇವತ್ತು ಒಬ್ಬರನ್ನು ಮುಖದಿಂದಲೇ ಗುರುತಿಸಿದೆ. ತಪ್ಪಾಗಿತ್ತು.’ ನಾವು ಅಲ್ಲಿಗೇ ನಿಲ್ಲಿಸಿದೆವು. ಬೇರೆಯವರಿಗೆ ಇಂಥ ಅಭ್ಯಾಸದಿಂದ ಉಪಯೋಗವಾಗಬಹುದು, ಇವರಿಗೆ ಆಗಲಿಲ್ಲ.

ಕೆಲಸಕ್ಕೆ ಬಂದದ್ದು ಬಾಯಿಬಿಟ್ಟು ಹೇಳಿದ್ದು. ಕೆಲಸದ ಜಾಗದಲ್ಲಿ ಹೇಳಬೇಕೋ ಬೇಡವೋ ಅನ್ನೋದು ಅವರ ನಿರ್ಧಾರ ಅಂತ ಬಿಟ್ಟಿದ್ದೆವು. ಕೇಳಿದರೆ ಕೊಡಲು ಒಂದು ಪುಟದ ಪತ್ರ ಸಿದ್ಧ ಮಾಡಿಕೊಟ್ಟಿದ್ದೆವು, ಅಷ್ಟೇ. ಮೂರು ತಿಂಗಳು ಪತ್ರ ಬ್ಯಾಗಿನಲ್ಲೇ ಇತ್ತು. ಕೊನೆಗೊಂದು ದಿನ ತಮ್ಮ ತಂಡದ ಮುಂದೆ ಹೇಳಿದರು. ಮೇಲಿನವರೊಬ್ಬರು ರೋಗಿಗಳ ಸುರಕ್ಷತೆಯ ಪ್ರಶ್ನೆ ಎತ್ತಿದರಂತೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಆ ವಿಭಾಗದಲ್ಲಿ ಕೈಪಟ್ಟಿಯನ್ನು ಎರಡು ಸಲ ಓದುವವರು ಇವರೊಬ್ಬರೇ ಅಂತ ಗೊತ್ತಾದ ಮೇಲೆ ಮಾತು ಮುಂದುವರಿಯಲಿಲ್ಲ. ‘ನನಗೂ ಮುಖ ಮರೆತುಹೋಗುತ್ತಪ್ಪಾ, ಅದೇನು ದೊಡ್ಡದು’ ಅಂದವರಿದ್ದರು. ಎದುರಿಗೆ ನಿಂತು ‘ನಾನ್ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಿದವರೂ ಇದ್ದರು. ಉಳಿದವರು ಎದುರಾದಾಗ ಹೆಸರು ಹೇಳಿ ಮಾತು ಶುರು ಮಾಡುತ್ತಾರೆ. ಹಳೆಯ ಗೆಳತಿಗೆ ಪತ್ರ ಬರೆದರು. ಉತ್ತರ ಬಂದಿಲ್ಲ.

ನಮ್ಮ ಅಧ್ಯಯನದ ಕಥೆ

ಇಷ್ಟೆಲ್ಲ ಆದ ಮೇಲೆ ನಮಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಸರಿಯುತ್ತರ ಬಂದಿದ್ದರೂ ದಾರಿ ಬೇರೆ ಇರಬಹುದು ಅಂತ ಗೊತ್ತಾಯಿತಲ್ಲ, ಹಾಗಾದರೆ ನಮ್ಮ 11 ರೋಗಿಗಳು? ಅವರಲ್ಲಿ ನಾಲ್ಕು ಜನ ವರ್ಷದ ನಂತರ ‘ಸಾಮಾನ್ಯ ಮಟ್ಟಕ್ಕೆ ಮರಳಿದ್ದಾರೆ’ ಅಂತ ನಾವು ಕರಡಿನಲ್ಲಿ ಬರೆದಾಗಿತ್ತು. ಲೇಖನದ ಶೀರ್ಷಿಕೆಯೇ ಅದರ ಮೇಲೆ ನಿಂತಿತ್ತು.

ಸಮಯದ ಕಾಲಂ ತೆರೆದು ನೋಡಿದೆವು. ನಾಲ್ಕರಲ್ಲಿ ಮೂವರು ಮುಖಕ್ಕೆ ಎಂಟು, ಹತ್ತು, ಹನ್ನೊಂದು ಸೆಕೆಂಡು ತೆಗೆದುಕೊಂಡಿದ್ದರು. ಕಾರಿಗೆ ನಾಲ್ಕು. ಕೈ ನಿಧಾನವಾಗಿದ್ದರೆ ಕಾರಿನಲ್ಲೂ ಅಷ್ಟೇ ನಿಧಾನ ಇರಬೇಕಿತ್ತು. ಆ ಮೂವರನ್ನು ಮತ್ತೆ ಕರೆಸಿ, ಕೂದಲಿಲ್ಲದ ಚಿತ್ರ ಮತ್ತು ಸಮಯದ ಮಿತಿ ಇಟ್ಟು ಪರೀಕ್ಷಿಸಿದೆವು. ಕೈಯ ವೇಗದ ಬಗ್ಗೆ ನಾನು ಎತ್ತಿದ್ದ ಆಕ್ಷೇಪಕ್ಕೆ ಪರಿಹಾರ ಎಷ್ಟು ಸುಲಭವಾಗಿತ್ತು ಅಂದರೆ, ಚಿತ್ರ ಎರಡು ಸೆಕೆಂಡು ಮಾತ್ರ ಕಾಣಲಿ, ಉತ್ತರಕ್ಕೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ. ಮೂವರೂ ಹಿಂದಿನ ಮಟ್ಟಕ್ಕೇ ಇಳಿದರು. ಅವರ ಮುಖ ಗುರುತಿಸುವ ಶಕ್ತಿ ಮರಳಿರಲಿಲ್ಲ. ಹುಬ್ಬಿಗೆ ಹುಬ್ಬು, ಕಿವಿಗೆ ಕಿವಿ ಹೊಂದಿಸುವುದನ್ನು ಅವರು ಒಂದು ವರ್ಷದಲ್ಲಿ ಕಲಿತಿದ್ದರು. ಅದೂ ಒಂದು ಸಾಧನೆಯೇ, ಆದರೆ ನಾವು ಬರೆಯಹೊರಟಿದ್ದ ಸಾಧನೆಯಲ್ಲ. ಮನೆಯವರು ನಮಗೆ ಇದನ್ನು ಹೇಳಿದ್ದರು ಕೂಡ. “ನಿಮ್ಮ ಟೆಸ್ಟಲ್ಲಿ ಪಾಸ್ ಆಗ್ತಾರೆ, ಮನೇಲಿ ನನ್ನನ್ನ ಗುರುತು ಹಿಡಿಯಲ್ಲ” ಅಂತ ಒಬ್ಬರ ಹೆಂಡತಿ ಅಂದದ್ದು ನಮ್ಮ ಟಿಪ್ಪಣಿಯಲ್ಲೇ ಇತ್ತು.

ಶೀರ್ಷಿಕೆ ಹೋಯಿತು. ಲೇಖನ ಎಂಟು ತಿಂಗಳು ತಡವಾಯಿತು. ಕೈಬಿಡುವ ನಿಯಮ ಈಗಲೂ ಇದೆ, ಆದರೆ ಸಾಲು ತೆಗೆಯುವ ಮೊದಲು ಆ ವ್ಯಕ್ತಿಯ ಉಳಿದೆಲ್ಲ ಅಂಕಿಗಳನ್ನು ಒಬ್ಬರು ಕೂತು ನೋಡಬೇಕು, ಪರೀಕ್ಷೆ ನಡೆಸಿದವರನ್ನು ಮಾತಾಡಿಸಬೇಕು. 17 ಅವರನ್ನು ಹೋಲಿಕೆಯ ಗುಂಪಿನಿಂದ ಹೊರಗಿಟ್ಟೆವು, ‘ಗಮನ ಕೊಡದ ಕಾರಣ’ ಅಂತ ಬರೆಯದೆ, ನಿಜವಾದ ಕಾರಣ ಬರೆದು. ಸೇರಿಸಿಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳಲ್ಲಿ ಈಗ ಮುಖದ ಬಗ್ಗೆ ಎರಡು ಪ್ರಶ್ನೆಗಳಿವೆ. ಒಂದನ್ನು 17 ಅವರೇ ಬರೆದುಕೊಟ್ಟರು. ‘ಮುಖ ಗುರುತಿಸಲು ಕಷ್ಟವಾಗುತ್ತಾ’ ಅಂತ ಕೇಳಿದ್ದರೆ ತಾವು ಇಲ್ಲ ಅಂತಲೇ ಹೇಳುತ್ತಿದ್ದೆ ಅಂದರು. ಅವರ ಪ್ರಶ್ನೆ ಹೀಗಿದೆ: ‘ಪರಿಚಯದವರು ಕೂದಲು ಕತ್ತರಿಸಿಕೊಂಡು ಬಂದರೆ ನಿಮಗೆ ಏನಾಗುತ್ತದೆ?’

ಕೊನೆಯ ಸಲ ಸಹಿ ಹಾಕಲು ಬಂದಾಗ ಅವರು ಕಾರಿಡಾರಿನ ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಹೆಸರು ಹೇಳಿ ಮಾತಾಡಿಸಬೇಕು ಅನ್ನೋದು ಈಗ ಅಭ್ಯಾಸವಾಗಿದೆ, ಬಾಯಿ ತೆರೆದೆ. ಅವರು ತಿರುಗದೇ, “ಬನ್ನಿ ಮೇಡಂ” ಅಂದರು. “ಎಡಗಾಲಿನ ಹಿಮ್ಮಡಿ ಎಳೀತಿದ್ದೀರಿ. ಮೊದಲ ದಿನದಿಂದ ಹೇಳ್ಬೇಕು ಅಂತಿದ್ದೆ. ಮೊಣಕಾಲು ತೋರಿಸ್ಕೊಳ್ಳಿ.”

ಎಕ್ಸ್‌ರೇ ಮುಂದಿನ ವಾರ ಇದೆ.